ಆರ್ಡಿಸಳ ಕಾಲು ಮತ್ತು ಕಿಟಕಿ ಪಕ್ಕದ ಸೀಟು

ನನ್ನ ನಾದಿನಿ ಆರ್ಡಿಸ್ ಅರವತ್ತೊಂಬತ್ತು ವರ್ಷದ ತನ್ನ ಬಾಳಿನಲ್ಲಿ ಯಾರಿಗೂ "ಸ್ವಲ್ಪ ಸರಿದುಕೊಳ್ಳಿ" ಎಂದವಳಲ್ಲ. ಚರ್ಚಿನಲ್ಲಿ ಬೆಂಚಿನ ತುದಿಗೆ ಯಾರಾದರೂ ಕೂತುಬಿಟ್ಟಿದ್ದರೆ, ಒಳಗೆ ಜಾಗ ಖಾಲಿ ಇದ್ದರೂ ಇವಳು ಹಿಂದೆ ಗೋಡೆಗೊರಗಿ ನಿಂತೇ ಪ್ರಾರ್ಥನೆ ಮುಗಿಸುತ್ತಿದ್ದಳು. ಊರಿನ ಶಾಲೆಯ ಅಡುಗೆಮನೆಯಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಬೇಯಿಸಿ ಬಡಿಸಿದಳು, ತಾನು ಕೂತು ಉಂಡದ್ದನ್ನು ಮಾತ್ರ ನಾನು ಕಂಡಿಲ್ಲ. ಒಲೆಯ ಪಕ್ಕ ನಿಂತು, ತಟ್ಟೆಯನ್ನು ಕೈಯಲ್ಲೇ ಹಿಡಿದು, ಯಾರಿಗೋ ಅಡ್ಡವಾಗಿದ್ದೇನೆ ಎಂಬ ಮುಖ ಮಾಡಿಕೊಂಡು ತಿನ್ನುತ್ತಿದ್ದಳು. ಹಾಗೆ ನಿಂತ ಕಾಲುಗಳೇ ಕೊನೆಗೆ ಅವಳ ಜೀವಕ್ಕೆ ಕುತ್ತು ತರುವಂತಾದವು.

ಮಿನೆಸೋಟದ ಪಶ್ಚಿಮದ ಅಂಚಿನಲ್ಲಿರುವ ನಮ್ಮೂರು ನೋರಾ ಲೇಕ್‌ನಲ್ಲಿ ಎಲ್ಲರೂ ಸ್ವಲ್ಪ ಹೀಗೇ ಅನ್ನಿ. ಯಾರಾದರೂ ಕಾಫಿ ಕೊಡಲೇ ಎಂದರೆ ಮೊದಲ ಸಲ ಬೇಡ ಅನ್ನಬೇಕು. ಎರಡನೇ ಸಲ "ಅಯ್ಯೋ, ನಿಮಗ್ಯಾಕೆ ತೊಂದ್ರೆ" ಅನ್ನಬೇಕು. ಮೂರನೇ ಸಲ ಕೇಳಿದಾಗ "ಸರಿ, ಅರ್ಧ ಲೋಟ" ಎಂದು ಒಪ್ಪಿಕೊಂಡು ಎರಡು ಲೋಟ ಕುಡಿಯಬೇಕು. ಕೇಳುವವರಿಗೂ ಇದು ಗೊತ್ತಿರುವುದರಿಂದ ಯಾರೂ ಬಾಯಾರಿ ಸತ್ತಿಲ್ಲ. ಆದರೆ ಹೊರಗಿನವರಿಗೆ ಗೊತ್ತಿರುವುದಿಲ್ಲವಲ್ಲ. ಆರ್ಡಿಸ್‌ಗೆ ಇಪ್ಪತ್ತಾರಾಗಿದ್ದಾಗ ಹಾಲಿನ ಕಾರ್ಖಾನೆಗೆ ಯಂತ್ರ ಕೂಡಿಸಲು ಟೆಕ್ಸಸ್‌ನಿಂದ ಹಾಲಿಸ್ ಎಂಬವನು ಬಂದಿದ್ದ. ಎತ್ತರದ ಆಳು, ನಗುಮುಖ. ನನ್ನನ್ನು ಮದುವೆಯಾಗ್ತೀಯಾ ಎಂದು ಕೇಳಿದ. ಇವಳು "ಅಯ್ಯೋ ಬೇಡಪ್ಪ, ನನ್ನಂಥವಳು ನಿಂಗ್ಯಾಕೆ" ಅಂದಳು. ಪಾಪ, ಇನ್ನೊಂದು ಸಲ ಕೇಳಿದ. ಮತ್ತೆ ಹಾಗೇ ಅಂದಳು. ಅವನು ಟೋಪಿ ತಲೆಗೇರಿಸಿ ಟೆಕ್ಸಸ್‌ಗೆ ಹೊರಟುಹೋದ. ಇವಳು ಇಡೀ ಚಳಿಗಾಲ ಮೂರನೇ ಸಲಕ್ಕಾಗಿ ಕಾದಳು. ನಮ್ಮೂರಿನಲ್ಲಿ ಈ ಕತೆ ಹೇಳಿ ಈಗಲೂ ನಗುತ್ತಾರೆ. ನಾನು ನಗುವುದನ್ನು ಬಿಟ್ಟು ಎಂಟು ವರ್ಷವಾಯಿತು.

ಯಾಕೆಂದರೆ ನನ್ನ ಗಂಡ ಓರಿನ್ ಅವಳ ಅಣ್ಣ, ಅದೇ ಮಣ್ಣಿನ ಗಡಿಗೆ. ಎಂಟು ವರ್ಷದ ಹಿಂದೆ ಅವನ ಅಜ್ಜ ಬಿಟ್ಟುಬಂದ ಹೊಲ ನೋಡಲೆಂದು ನಾವಿಬ್ಬರೂ ನಾರ್ವೆಗೆ ಹೋಗಿದ್ದೆವು. ಬರುವಾಗ ವಿಮಾನದಲ್ಲಿ ಅವನು ಕಿಟಕಿಯ ಪಕ್ಕ, ನಾನು ಓಡಾಡುವ ದಾರಿಯ ಪಕ್ಕ. ಊಟ ಮುಗಿದದ್ದೇ ನನಗೆ ಗಾಢ ನಿದ್ದೆ. ಇಳಿಯುವಾಗ, "ಒಂದ್ಸಲವಾದ್ರೂ ಎದ್ದು ಓಡಾಡಿದ್ಯಾ?" ಎಂದು ಕೇಳಿದೆ. "ನೀನು ಎಷ್ಟು ಚೆನ್ನಾಗಿ ಮಲಗಿದ್ದೆ ಲವೋನ್, ಎಬ್ಬಿಸೋಕೆ ಮನಸ್ಸಾಗ್ಲಿಲ್ಲ" ಅಂದ. ಮೀನಖಂಡ ಹಿಡಿದುಕೊಂಡಿದೆ ಎಂದು ಎರಡು ದಿನ ಕುಂಟಿದ. ಮೂರನೇ ದಿನ ಅಂಚೆ ಡಬ್ಬಿಯ ಹತ್ತಿರ ಹೋದವನು ಅಲ್ಲೇ ಬಿದ್ದ. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿ ಕೂತಿತ್ತು ಎಂದರು ಆಸ್ಪತ್ರೆಯವರು. ಹೆಂಡತಿಯ ನಿದ್ದೆ ಕೆಡಿಸಬಾರದೆಂದು ಸತ್ತ ಗಂಡಸಿನ ಮೇಲೆ ಕೋಪ ಮಾಡಿಕೊಳ್ಳುವುದು ಹೇಗೆ? ನಾನು ಮಾಡಿಕೊಂಡಿದ್ದೇನೆ. ಅದು ಇನ್ನೂ ಆರಿಲ್ಲ.

ಇಷ್ಟೆಲ್ಲ ಯಾಕೆ ಹೇಳಿದೆನೆಂದರೆ, ಹೋದ ವರ್ಷ ಆರ್ಡಿಸಳ ಮಂಡಿಯ ಶಸ್ತ್ರಚಿಕಿತ್ಸೆಯಾದ ಮೇಲೆ ಅವಳ ಎಡಗಾಲಿನಲ್ಲೂ ಅದೇ ಹೆಪ್ಪು ಕಾಣಿಸಿಕೊಂಡಿತು. ಆ ಸಲ ಉಳಿದಳು. ರಕ್ತ ತೆಳುವಾಗಿಸುವ ಮಾತ್ರೆ ಹೊಟ್ಟೆಗೆ ಆಗಿಬರದೆ, ಒಳಗೇ ರಕ್ತ ಸುರಿದು, ಅದನ್ನೂ ನಿಲ್ಲಿಸಿದ್ದರು. ಅಂಥ ಹೊತ್ತಿನಲ್ಲಿ ಮೆಲ್ಬರ್ನ್‌ನಿಂದ ಮಾರ್ಲಿಸಳ ಫೋನು ಬಂತು. ಮಾರ್ಲಿಸ್ ಇವರ ಹಿರಿಯಕ್ಕ, ಐವತ್ತು ವರ್ಷದ ಹಿಂದೆ ಹಡಗಿನವನೊಬ್ಬನನ್ನು ಮದುವೆಯಾಗಿ ಆಸ್ಟ್ರೇಲಿಯಾ ಸೇರಿದವಳು. ಹೃದಯ ಕೊಯ್ಯುತ್ತಾರಂತೆ, ಈ ವಯಸ್ಸಿನಲ್ಲಿ ಏನೂ ಹೇಳಲಾಗದಂತೆ. "ಅದಕ್ಕೆ ಮುಂಚೆ ನಿನ್ನ ಮುಖ ನೋಡ್ಬೇಕು ಕಣೇ. ಬಾ" ಅಂದಳು.

ಮೆಲ್ಬರ್ನ್ ಎಂದರೆ ಪಕ್ಕದ ಊರೇ? ಲಾಸ್ ಏಂಜಲಿಸ್‌ನಿಂದ ಸಮುದ್ರ ದಾಟಲು ಹದಿನೈದು ಗಂಟೆ ಒಂದೇ ಸಮ ಕೂರಬೇಕು. ಫೋನು ಇಟ್ಟ ಆರ್ಡಿಸ್ ತನ್ನ ಎಡಗಾಲನ್ನು ನೋಡಿಕೊಂಡಳು. ನಾನೂ ನೋಡಿದೆ.

"ನಾನೂ ಬರ್ತೀನಿ. ದೊಡ್ಡ ಸೀಟು ತಗೊಳ್ಳೋಣ" ಅಂದೆ. ಪ್ರೀಮಿಯಂ ಎಕಾನಮಿ ಎಂದು ಅದರ ಹೆಸರು. ಶ್ರೀಮಂತರು ಮಲಗಿಕೊಂಡು ಹೋಗುವ ಜಾಗಕ್ಕೂ ನಮ್ಮಂಥವರು ಮಂಡಿ ಮಡಚಿ ಕೂರುವ ಜಾಗಕ್ಕೂ ನಡುವಿನದು.

"ಬೇಡ ಬೇಡ. ನನ್ನಂಥವಳಿಗೆ ಅದೆಲ್ಲಾ ಯಾಕೆ? ಅಲ್ಲಿ ಕೂತವ್ರು ನನ್ನ ನೋಡಿ ಏನಂದ್ಕೊಳಲ್ಲ?"

ವಿಷಯ ಊರಿನ ಹೋಟೆಲಿಗೂ ಹೋಯಿತು. ಅಲ್ಲಿ ಬೆಳಗಿನ ಕಾಫಿಗೆ ಕೂರುವ ಡೆಲ್ಮರ್ ಧಾನ್ಯದ ಗೋದಾಮಿನಲ್ಲಿ ದುಡಿದು ನಿವೃತ್ತನಾದವನು, ಜಗತ್ತಿನ ಎಲ್ಲ ವಿಚಾರವೂ ಅವನಿಗೆ ಗೊತ್ತು.

"ಅಲ್ಲ ಲವೋನ್, ಹಿಂದಿನ ಸೀಟ್ನವ್ರು ಸಮುದ್ರದಲ್ಲಿ ಇಳ್ದು ಈಜ್ಕೊಂಡು ಬರ್ತಾರಾ? ಎಲ್ರೂ ಒಂದೇ ಹೊತ್ತಿಗೆ ತಾನೇ ಇಳಿಯೋದು?" ಅಂದ.

"ಜೀವಂತ ಇಳಿಯೋದು ಬೇರೆ ವಿಷಯ ಡೆಲ್ಮರ್" ಅಂದೆ. ಅವನಿಗೆ ಓರಿನ್ ನೆನಪಾಗಿರಬೇಕು. ಕಾಫಿ ಲೋಟದೊಳಗೆ ಮುಖ ಹುದುಗಿಸಿದ.

ನಾನು ಆರ್ಡಿಸಳನ್ನು ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆ. ಆ ಡಾಕ್ಟರು ವಯಸ್ಸಿನಲ್ಲಿ ನನ್ನ ಮಗಳಿಗಿಂತ ಚಿಕ್ಕವಳು, ಆದರೆ ಸುತ್ತುಬಳಸು ಮಾತಿಲ್ಲ. "ಸೀಟು ಅಗಲ ಆದ ಮಾತ್ರಕ್ಕೆ ರಕ್ತ ಹೆಪ್ಪುಗಟ್ಟೋದು ನಿಲ್ಲಲ್ಲ. ಕಾಲು ಚಾಚೋಕೆ ಜಾಗ ಸಿಗತ್ತೆ, ಒಳ್ಳೇದೇ. ಆದ್ರೆ ಮುಖ್ಯ ಅಂದ್ರೆ ಎದ್ದು ಓಡಾಡೋದು. ದಾರಿ ಪಕ್ಕದ ಸೀಟೇ ತಗೊಳ್ಳಿ, ಬಿಗಿ ಕಾಲುಚೀಲ ಹಾಕ್ಕೊಳ್ಳಿ, ನೀರು ಕುಡೀರಿ, ಗಂಟೆಗೊಮ್ಮೆ ಏಳಿ. ಇಲ್ಲಾಂದ್ರೆ ಹೋಗ್ಬೇಡಿ" ಅಂದಳು.

"ಗಂಟೆಗೊಮ್ಮೆ ಎದ್ರೆ ಪಕ್ಕದವ್ರಿಗೆ ತೊಂದ್ರೆ ಆಗಲ್ವಾ?" ಎಂದು ಆರ್ಡಿಸ್ ಕೇಳಿದಳು. ಡಾಕ್ಟರು ತಮಾಷೆ ಎಂದುಕೊಂಡು ನಕ್ಕಳು. ನನಗೆ ನಗು ಬರಲಿಲ್ಲ.

ಕಾರಿನಲ್ಲಿ ಕೂತು ಎರಡನೇ ಸಲ ಕೇಳಿದೆ. ಬೇಡ ಅಂದಳು. ಮನೆಯಲ್ಲಿ ಅವಳು ನಿಂಬೆರಸದ ಸಿಹಿಯನ್ನು ಬಿಲ್ಲೆಬಿಲ್ಲೆಯಾಗಿ ಕತ್ತರಿಸುತ್ತಿದ್ದಾಗ ಮೂರನೇ ಸಲ ಕೇಳಿದೆ. "ನಿಂಗೆ ಅಷ್ಟು ಹಠ ಇದ್ರೆ ತಗೋ. ಕಾಲು ಪೂರ್ತಿ ಚಾಚಲ್ಲ ಮಾತ್ರ" ಅಂದಳು. ನಾನು ಟೆಕ್ಸಸ್‌ನವಳಲ್ಲ, ನನಗೆ ಲೆಕ್ಕ ಗೊತ್ತಿತ್ತು.

ಹೋಗುವ ದಿನ ಹತ್ತಿರವಾದಂತೆ ನನ್ನ ಹೆದರಿಕೆ ಹೆಚ್ಚಾಯಿತು. ಓರಿನ್ ಮಲಗುತ್ತಿದ್ದ ಕಡೆಗೆ ತಿರುಗಿ ಮಲಗಿದರೆ ಅವನ ಮೀನಖಂಡ ಕಣ್ಣ ಮುಂದೆ ಬರುತ್ತಿತ್ತು. ಎರಡು ದಿನ ಅದನ್ನು ನಾನೇ ತಿಕ್ಕಿದ್ದೆ. ತಿಕ್ಕಬಾರದಿತ್ತಂತೆ, ಯಾರಿಗೆ ಗೊತ್ತಿತ್ತು? ಆರ್ಡಿಸ್‌ಗೂ ಹೆದರಿಕೆ ಇತ್ತು. ಬಾಯಿಬಿಟ್ಟು ಹೇಳದೆ ಚಳಿಗಾಲಕ್ಕೆಂಬಂತೆ ಮನೆಯನ್ನೆಲ್ಲ ಒಪ್ಪ ಮಾಡಿದಳು, ಬೀಗದಕೈಯನ್ನು ಪಾದ್ರಿಯ ಹೆಂಡತಿಗೆ ಕೊಟ್ಟಳು, ಶೀತಲಪೆಟ್ಟಿಗೆಯಲ್ಲಿ ಮಾಂಸ, ಆಲೂಗಡ್ಡೆ ಸೇರಿಸಿ ಬೇಯಿಸುವ ಹಾಟ್‌ಡಿಶ್ ಮೂರು ದೊಡ್ಡ ತಟ್ಟೆ ಮಾಡಿಟ್ಟಳು. "ಬಂದ್ಮೇಲೆ ತಿನ್ನೋಕಾ?" ಎಂದು ಕೇಳಿದೆ. "ಯಾರಿಗಾದ್ರೂ ಬೇಕಾಗ್ಬಹುದು" ಅಂದಳು. ನಮ್ಮೂರಲ್ಲಿ ಸಾವಿನ ಮನೆಗೆ ಒಯ್ಯುವ ಊಟ ಅದು. ಅವಳು ತನ್ನ ಸಾವಿಗೆ ತಾನೇ ಬೇಯಿಸಿಟ್ಟು ಹೊರಟಿದ್ದಳು.

ಲಾಸ್ ಏಂಜಲಿಸ್‌ನಲ್ಲಿ ವಿಮಾನ ಹತ್ತಿದೆವು. ಅಗಲವಾದ ಎರಡು ಸೀಟು, ನನಗೆ ಕಿಟಕಿ, ಅವಳಿಗೆ ದಾರಿಯ ಪಕ್ಕ. ಕಾಲಿಡಲು ಮಣೆಯೂ ಇತ್ತು. ಆರ್ಡಿಸ್ ಬಿಗಿ ಕಾಲುಚೀಲದ ಕಾಲನ್ನು ಅಂಜುತ್ತ ಒಂದಿಷ್ಟು ಮುಂದೆ ಚಾಚಿದಳು. ಯಾರೂ ಬೈಯಲಿಲ್ಲ. ಇನ್ನೊಂದಿಷ್ಟು ಚಾಚಿದಳು. "ಉಫ್ ಡಾ" ಎಂದು ನಾರ್ವೆಯ ಹಿರಿಯರ ಹಾಗೆ ಉಸಿರುಬಿಟ್ಟು ನನ್ನತ್ತ ನೋಡಿ ನಕ್ಕಳು. ತೆತ್ತ ದುಡ್ಡು ದಕ್ಕಿತು ಎಂದುಕೊಂಡೆ.

ಆಗಲೇ ಒಬ್ಬ ಹುಡುಗಿ ಬಂದದ್ದು, ಇನ್ನೂ ಎಳೆಯ ತಾಯಿ. ಕೈಯಲ್ಲಿ ಮಗಳ ಬೊಂಬೆ, ಕಣ್ಣಿನಲ್ಲಿ ನೀರು ಬರುವಂತಿತ್ತು. ಅವಳ ಗಂಡ ಮತ್ತು ನಾಲ್ಕು ವರ್ಷದ ಮಗಳು ನಮ್ಮ ಸಾಲಿನಲ್ಲೇ, ದಾರಿಯ ಆಚೆ. ಇವಳಿಗೆ ನಾಲ್ಕು ಸಾಲು ಮುಂದೆ, ಕಿಟಕಿಯ ಪಕ್ಕ ಸೀಟು ಕೊಟ್ಟಿದ್ದರು. "ಆಂಟಿ, ನಿಮ್ಗೆ ಅಡ್ಡಿ ಇಲ್ದಿದ್ರೆ…" ಎಂದು ಬಾಯಿ ತೆರೆದಳು.

"ಅಯ್ಯೋ, ಏನೂ ಅಡ್ಡಿ ಇಲ್ಲ ಮಗಾ!" ಆರ್ಡಿಸ್ ಆಗಲೇ ಎದ್ದು ನಿಂತಿದ್ದಳು. ತೆಗೆದುಕೊಳ್ಳಲು ಮೂರು ಸಲ ಕೇಳಬೇಕು. ಕೊಡಲು ಅವಳಿಗೆ ಪೂರ್ತಿ ಒಂದು ಸಲವೂ ಬೇಕಿರಲಿಲ್ಲ.

"ಆರ್ಡಿಸ್, ನಿನ್ನ ಕಾಲು" ಅಂದೆ.

"ಲವೋನ್!" ಎಂದು ಕಣ್ಣು ಬಿಟ್ಟಳು. ಹೊರಗಿನವರ ಮುಂದೆ ಕಾಲಿನ ಮಾತೇ ಎಂಬ ನಾಚಿಕೆ. ನಾನು ಹೋಗ್ತೀನಿ ಅನ್ನುವಷ್ಟರಲ್ಲಿ ಚೀಲ ಎತ್ತಿಕೊಂಡು ಮುಂದಿನ ಆ ಸೀಟಿನ ಹತ್ತಿರ ಹೋಗಿಬಿಟ್ಟಿದ್ದಳು. ಅಲ್ಲಿ ದಾರಿಯ ಪಕ್ಕ ಕೂತಿದ್ದವನು ಬಾಗಿಲಿನಷ್ಟು ಅಗಲದ ಗಂಡಸು. ಅವನು ಎದ್ದು ಜಾಗ ಬಿಟ್ಟ, ಇವಳು ಒಳಗೆ ನುಸುಳಿದಳು, ಅವನು ಮತ್ತೆ ಕೂತ. ಬಾಗಿಲು ಹಾಕಿದಂತಾಯಿತು.

ಊಟವಾಯಿತು. ದೀಪ ತಗ್ಗಿಸಿದರು. ಎರಡು ಸೀಟುಗಳ ಸಂದಿನಲ್ಲಿ ಆರ್ಡಿಸಳ ನರೆತಲೆಯ ಒಂದು ಚೂರು ನನಗೆ ಕಾಣುತ್ತಿತ್ತು. ಈಗ ಏಳುತ್ತಾಳೆ, ಈಗ ಏಳುತ್ತಾಳೆ ಎಂದು ನೋಡುತ್ತ ಕೂತೆ. ಯಾರ್ಯಾರೋ ಎದ್ದರು, ಹೋದರು, ಬಂದರು. ಆ ತಲೆ ಮಾತ್ರ ಅಲುಗಲಿಲ್ಲ. ಮೊದಲು ಸಿಟ್ಟು ಬಂತು. ಆಮೇಲೆ, ನಿದ್ದೆ ಮಾಡುತ್ತಿರಬೇಕು ಎಂದು ಸಮಾಧಾನ ಹೇಳಿಕೊಂಡೆ. ಆಮೇಲೆ, ನಿದ್ದೆಯೋ ಅಥವಾ ಬೇರೇನೋ ಎಂದು ಯೋಚನೆ ಹೊಕ್ಕಿತು. ಕೆಳಗೆ ಕಪ್ಪು ಸಮುದ್ರ, ನೂರಾರು ಮೈಲಿ ಆಸ್ಪತ್ರೆ ಇಲ್ಲ. ಅವಳ ಶ್ವಾಸಕೋಶದತ್ತ ಏನೋ ನಿಧಾನವಾಗಿ ಏರುತ್ತಿದ್ದರೆ ಆ ನರೆತಲೆ ಹೊರಗಿನಿಂದ ಹೀಗೇ ಕಾಣುತ್ತಿತ್ತಲ್ಲವೇ?

ಎದ್ದು ಹೋಗಿ ನೋಡೋಣವೆಂದರೆ ನನ್ನ ಪಕ್ಕದಲ್ಲಿ ಆ ಹುಡುಗಿ. ಮಗು ಅಪ್ಪನನ್ನು ಬಿಟ್ಟು ಬಂದು ಅವಳ ಮಡಿಲೇರಿ ಮಲಗಿತ್ತು. ತಾಯಿಯ ಬಾಯಿ ಅರೆತೆರೆದು, ಲೋಕದ ಪರಿವೆಯಿಲ್ಲದ ನಿದ್ದೆ. ಅವಳ ಭುಜದ ಹತ್ತಿರ ಕೈ ಒಯ್ದೆ, ಹಿಂದೆ ತಂದೆ. ಪಾಪ, ಇನ್ನೂ ಸ್ವಲ್ಪ ಹೊತ್ತು ಮಲಗಲಿ ಎಂದುಕೊಂಡೆ. ಎಷ್ಟು ಹೊತ್ತು ಹಾಗೆ ಕೂತಿದ್ದೆನೋ. ಕೊನೆಗೆ ಆ ಮಾತು ನನ್ನ ಕಿವಿಗೇ ಕೇಳಿಸಿತು. ಪಾಪ, ಮಲಗಲಿ. ಓರಿನ್ ನನ್ನ ಮುಖ ನೋಡುತ್ತ, ಹೀಗೇ ಕೈ ಮುಂದೆ ತಂದು ಹಿಂದೆ ತೆಗೆದಿದ್ದನೇ? ಎಷ್ಟು ಸಲ?

ಆ ಹುಡುಗಿಯನ್ನು ಅಲುಗಾಡಿಸಿದೆ. ಜೋರಾಗಿಯೇ ಅಲುಗಾಡಿಸಿದೆ ಎಂದು ಕಾಣುತ್ತದೆ. ಬೆಚ್ಚಿ ಎದ್ದು, "ಸಾರಿ ಆಂಟಿ" ಎಂದು ಮಗುವನ್ನು ಅವಚಿಕೊಂಡು ದಾರಿ ಬಿಟ್ಟಳು.

ಆರ್ಡಿಸ್ ಬದುಕಿದ್ದಳು. ಕಣ್ಣು ಬಿಟ್ಟುಕೊಂಡು, ಎರಡೂ ಕೈಯಲ್ಲಿ ಸೀಟಿನ ತೋಳು ಹಿಡಿದುಕೊಂಡು, ನೆಟ್ಟಗೆ ಕೂತಿದ್ದಳು. ಆ ಮಂದ ಬೆಳಕಿನಲ್ಲೂ ಮುಖ ಬಿಳಿಚಿದ್ದು ಗೊತ್ತಾಯಿತು. ಇಬ್ಬರ ನಡುವೆ ಆ ದೊಡ್ಡ ಗಂಡಸು ಗಲ್ಲವನ್ನು ಎದೆಗಿಟ್ಟು ಗೊರಕೆ ಹೊಡೆಯುತ್ತಿದ್ದ. ಅವನ ಮೇಲೆ ಬಗ್ಗಿ ಪಿಸುಗುಟ್ಟಿದೆ.

"ಎಷ್ಟು ಸಲ ಎದ್ದೆ?"

ಅವಳು ತಲೆ ತಗ್ಗಿಸಿದಳು.

"ಒಂದ್ಸಲನೂ ಇಲ್ವಾ?"

"ಊಟ ಆದ ಕೂಡ್ಲೇ ಮಲಗ್ಬಿಟ್ರು ಕಣೇ. ಈಗ ಎಬ್ಬಿಸಿದ್ರೆ ಚೆನ್ನಾಗಿರತ್ತಾ?" ಆಮೇಲೆ ಇನ್ನೂ ಸಣ್ಣ ದನಿಯಲ್ಲಿ, "ಲವೋನ್, ಕಾಲು ಒಂಥರಾ ಇದೆ. ಮೀನಖಂಡ ಕಲ್ಲಾದ ಹಾಗಿದೆ" ಅಂದಳು.

ವಿಮಾನ ಇಳಿದು ಊರಿಗೆ ಬರುವಾಗ ಓರಿನ್ ಕಾರಿನಲ್ಲಿ ಅಂದದ್ದೂ ಹೀಗೇ, ಕಾಲು ಒಂಥರಾ ಇದೆ ಅಂತ. "ಏಳು. ಈಗ್ಲೇ ಏಳು ಆರ್ಡಿಸ್!"

"ಇನ್ನೊಂದ್ ಸ್ವಲ್ಪ ಹೊತ್ತಿಗೆ ಅವ್ರೇ ಏಳ್ತಾರೆ. ಭಯ ಆಗ್ತಿದೆ ಕಣೇ, ಆದ್ರೂ ಪಾಪ, ಎಷ್ಟು ಚೆನ್ನಾಗಿ ಮಲಗಿದ್ದಾರೆ."

"ನಿಮ್ಮಣ್ಣನೂ ನಂಗೆ ಅದನ್ನೇ ಹೇಳಿದ್ದು" ಅಂದೆ. "ಇದೇ ಮಾತು. ನಾನೆಷ್ಟು ಚೆನ್ನಾಗಿ ಮಲಗಿದ್ದೆ ಅಂತ. ಯಾರು ಕೇಳಿದ್ರು ಆ ನಿದ್ದೆನ? ನಂಗೆ ಬೇಕಾಗಿತ್ತಾ ಆ ದರಿದ್ರ ನಿದ್ದೆ?"

ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಆರ್ಡಿಸ್ ನನ್ನನ್ನೇ ನೋಡಿದಳು. ಆ ಮುಖದಲ್ಲಿ ಓರಿನ್‌ನದೇ ಹುಬ್ಬು, ಅವನದೇ ತುಟಿ. ಕೈ ಎತ್ತಿದಳು. ಆ ಗಂಡಸಿನ ತೋಳಿನ ಮೇಲೆ ಇಟ್ಟು, ತನ್ನ ಬಾಳಿನಲ್ಲಿ ಮೊದಲ ಸಲ, ಅಡುಗೆಮನೆಯಲ್ಲೂ ಎತ್ತದಿದ್ದ ದನಿಯಲ್ಲಿ, "ಏಳಿ. ನಂಗೆ ದಾರಿ ಬೇಕು" ಅಂದಳು.

ಅವನು ಕಣ್ಣು ಬಿಟ್ಟ, ಎದ್ದ, ಪಕ್ಕಕ್ಕೆ ನಿಂತ. ಅವಳು ಹೊರಗೆ ಬಂದ ಮೇಲೆ ಮತ್ತೆ ಕೂತು ಗೊರಕೆ ಶುರು ಮಾಡಿದ. ಅಷ್ಟೇ. ಆರ್ಡಿಸ್ ದಾರಿಯಲ್ಲಿ ನಿಂತು ಅವನನ್ನು ನೋಡಿಯೇ ನೋಡಿದಳು. "ಇಷ್ಟೇನಾ?" ಅಂದಳು.

ಎಡಗಾಲು ಊರಲಾಗದೆ ನನ್ನ ತೋಳು ಹಿಡಿದು ನಡೆದಳು. ಹಿಂದಿನ ಪರದೆಯ ತನಕ ಹೋಗುವುದು, ಬರುವುದು. ಅವಳ ಉಸಿರು ಸ್ವಲ್ಪ ಜೋರಾದರೂ ನಾನು ನಿಂತು ಕಿವಿಗೊಡುತ್ತಿದ್ದೆ. "ಎದೆ ನೋವಿದ್ಯಾ? ಉಸಿರಾಡು ನೋಡೋಣ" ಎಂದು ಅವಳ ತಲೆ ತಿಂದೆ. ಆ ಹುಡುಗಿಗೆ ವಿಷಯ ಗೊತ್ತಾಗಿ ಅಳುತ್ತ ಸೀಟು ವಾಪಸ್ಸು ಕೊಟ್ಟಳು. ಆರ್ಡಿಸ್ ಒಂದೇ ಮಾತಿಗೆ ತೆಗೆದುಕೊಂಡಳು, ಅದನ್ನು ಕಂಡು ನನಗೆ ಇನ್ನೂ ಹೆದರಿಕೆಯಾಯಿತು. ಇಳಿಯುವ ತನಕ ಅವಳ ಮಣಿಕಟ್ಟನ್ನು ಹಿಡಿದುಕೊಂಡೇ ಇದ್ದೆ.

ಮೆಲ್ಬರ್ನ್‌ನಲ್ಲಿ ಅಕ್ಕನ ಮನೆಗೆ ಹೋಗುವ ಮುಂಚೆ ಆಸ್ಪತ್ರೆಗೇ ಹೋದೆವು. ಕಾಲಿನ ಮೇಲೆ ಯಂತ್ರ ಆಡಿಸಿ ನೋಡಿದರು. ಹಳೆಯ ಹೆಪ್ಪಿನ ಗುರುತು ಬಿಟ್ಟರೆ ಹೊಸ ಹೆಪ್ಪು ಇರಲಿಲ್ಲ, ಸ್ನಾಯು ಸೆಟೆದುಕೊಂಡಿತ್ತು. ನಾನು ಆಸ್ಪತ್ರೆಯ ಕುರ್ಚಿಯಲ್ಲಿ ಕೂತು ಮಗುವಿನ ಹಾಗೆ ಅತ್ತೆ. ಆರ್ಡಿಸ್ ಮುಜುಗರದಿಂದ ಸುತ್ತ ನೋಡುತ್ತ ನನ್ನ ಬೆನ್ನು ತಟ್ಟಿದಳು.

ಮಾರ್ಲಿಸ್ ಹಾಸಿಗೆಯಿಂದಲೇ, "ಕಾಫಿ ಬೇಕಾ? ಒಂದೇ ಸಲ ಕೇಳೋದು ನಾನು. ಮೂರು ಸಲ ಕೇಳೋಷ್ಟು ಉಸಿರಿಲ್ಲ" ಅಂದಳು.

"ಬೇಕು. ತುಂಬಾ ಹಾಕು" ಅಂದಳು ಆರ್ಡಿಸ್. ಅಕ್ಕತಂಗಿಯರು ಒಬ್ಬರನ್ನೊಬ್ಬರು ಹಿಡಿದುಕೊಂಡು ನಕ್ಕರು, ಅತ್ತರು.

ಶಸ್ತ್ರಚಿಕಿತ್ಸೆ ಮುಂದಕ್ಕೆ ಹೋದ್ದರಿಂದ ನಾವೂ ಉಳಿದುಕೊಂಡೆವು. ಮಾರ್ಲಿಸ್ ಎದ್ದು ಕೂತು ಬೈಯುವಷ್ಟಾದ ಮೇಲೆ ಹೊರಟೆವು. ಆದರೆ ನಾವು ಬದಲಿಸಿಕೊಂಡ ದಿನದ ವಿಮಾನದಲ್ಲಿ ಅಗಲದ ಸೀಟು ಒಂದೂ ಉಳಿದಿರಲಿಲ್ಲ. ಹಿಂದುಗಡೆ, ಮಂಡಿ ಮಡಚಿ ಕೂರುವ ಜಾಗದಲ್ಲಿ ಎರಡು ಸೀಟು ಸಿಕ್ಕವು. ನನ್ನ ಮುಖ ನೋಡಿ ಆರ್ಡಿಸ್, "ಸುಮ್ನಿರೇ. ಆ ಅಗಲ ಸೀಟಲ್ಲೇ ತಾನೇ ನಾನು ಸಾಯೋಕೆ ಹೊರಟಿದ್ದು" ಅಂದಳು. ನಾಳೆ ಡೆಲ್ಮರ್ ಕೇಳಿದರೂ ಇದೇ ಉತ್ತರವಂತೆ. ಕಾಲಿಗೆ ಹಿತ, ದುಡ್ಡಿದ್ದರೆ ತಗೋ, ಆದರೆ ಬಾಯಿ ಬಿಡದವರಿಗೆ ಯಾವ ಸೀಟೂ ಸಾಲದು.

ನಾನು ಅವಳನ್ನು ದಾರಿಯ ಪಕ್ಕ ಕೂರಿಸಲು ಹೋದೆ. ಅವಳು ಒಪ್ಪಲಿಲ್ಲ.

"ನೀನು ಇಲ್ಲಿ ಕೂತ್ಕೋ. ನಾನು ಒಳಗೆ."

ಕಿಟಕಿಯ ಪಕ್ಕ ಅವಳು, ದಾರಿಯ ಪಕ್ಕ ನಾನು. ನಾರ್ವೆಯಿಂದ ಬರುವಾಗ ಕೂತ ಹಾಗೆಯೇ. ಅವಳು ಬೇಕೆಂದೇ ಮಾಡುತ್ತಿದ್ದಾಳೆಂದು ಗೊತ್ತಾಯಿತು.

"ಹಂಗಾದ್ರೆ ನಾನು ನಿದ್ದೆ ಮಾಡಲ್ಲ" ಅಂದೆ.

"ಮಾಡು."

"ಆಗಲ್ಲ ಆರ್ಡಿಸ್. ಎಂಟು ವರ್ಷದಿಂದ ಕೂತಲ್ಲಿ ನಿದ್ದೆ ಮಾಡಿಲ್ಲ ನಾನು. ಹೆದರಿಕೆ ಆಗತ್ತೆ."

"ಮಾಡೇ. ನಾನು ಎಬ್ಬಿಸ್ತೀನಿ."

ಎಚ್ಚರವಾಗಿರಬೇಕೆಂದು ಹಲ್ಲು ಕಚ್ಚಿ ಕೂತೆ. ಕಿಟಕಿಯ ಆಚೆ ಬಿಸಿಲು, ಮೋಡ, ಎಂಜಿನ್ನಿನ ಒಂದೇ ಸಮನೆ ಸದ್ದು. ಯಾವಾಗ ರೆಪ್ಪೆ ಕೂಡಿತೋ ತಿಳಿಯದು.

ಭುಜದ ಮೇಲೆ ಕೈ ಬಿತ್ತು. ಮೆಲ್ಲಗೆ ಮುಟ್ಟಿ ಹಿಂದೆ ಸರಿಯುವ ಕೈಯಲ್ಲ, ಹಿಡಿದು ಅಲುಗಾಡಿಸುವ ಕೈ.

"ಲವೋನ್. ಲವೋನ್, ಏಳು. ದಾರಿ ಬಿಡು."

ಕಣ್ಣು ತೆರೆದರೆ ಓರಿನ್‌ನ ಹುಬ್ಬು, ಓರಿನ್‌ನ ತುಟಿ. ಒಂದು ಕ್ಷಣ ಎಲ್ಲಿದ್ದೇನೆಂದು ತಿಳಿಯಲಿಲ್ಲ. "ಬಂದೆ, ಎದ್ದೆ, ಎದ್ದೆ ಕಣೋ" ಎಂದು ತೊದಲುತ್ತ ಎದ್ದು ನಿಂತೆ. ಆರ್ಡಿಸ್ ನನ್ನ ಮಾತು ಕೇಳಿಸಿಕೊಂಡಳು. ನನ್ನ ಕೆನ್ನೆ ಒಮ್ಮೆ ಮುಟ್ಟಿ, ಎರಡೂ ಕಾಲನ್ನು ಗಟ್ಟಿಯಾಗಿ ಊರುತ್ತ ಹಿಂದುಗಡೆಗೆ ನಡೆದಳು.

ಅವಳು ತಿರುಗಿ ಬರುವ ತನಕ ನಾನು ನಿಂತೇ ಇದ್ದೆ.